ಹೋಟೆಲ್ ಬಿಲ್ಲು ಮತ್ತು ಶುಗರ್ ರಿಪೋರ್ಟು

ಕಳೆದ ವರ್ಷ ನಮ್ಮ ಮಸೀದಿಯ ವಠಾರದಲ್ಲಿ ಯುವಕರೆಲ್ಲ ಸೇರಿ ಉಚಿತ ರಕ್ತ ತಪಾಸಣಾ ಶಿಬಿರ ಇಟ್ಟಿದ್ದರು. ಲಾಯಿಲದಲ್ಲಿರುವ ನನ್ನ ತಮ್ಮನೂ ಹೋಗಿದ್ದ. ಹೋದದ್ದು ಪರೀಕ್ಷೆ ಮಾಡಿಸಿಕೊಳ್ಳಲು ಅಲ್ಲ, ಟೇಬಲ್, ಕುರ್ಚಿ ಇಳಿಸಿಕೊಡಲು. ಪಿಕಪ್ ವಾಹನದ ಚಾಲಕ ಅವನು. "ಇಷ್ಟು ಹೊತ್ತು ಇದ್ದೀಯಲ್ಲ, ಒಂದು ತೊಟ್ಟು ರಕ್ತ ಕೊಟ್ಟು ಹೋಗು" ಎಂದು ಯಾರೋ ಒತ್ತಾಯಿಸಿದರು. ಮೀಟರ್‌ನಲ್ಲಿ 286 ತೋರಿಸಿತು. ಆಗ ಅವನಿಗೆ 39 ವರ್ಷ. ಇಬ್ಬರು ಮಕ್ಕಳಲ್ಲಿ ಸಣ್ಣವಳು ಇನ್ನೂ ಒಂದನೇ ತರಗತಿ.

ವೈದ್ಯರು ಮಾತ್ರೆ ಬರೆದುಕೊಟ್ಟರು. ಜೊತೆಗೆ, "ಆಹಾರದಲ್ಲಿ ಪಥ್ಯ ಮಾಡಿ" ಎಂದರು. ಮನೆಗೆ ಬಂದವನೇ ಅವನು ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ಬೆಳಿಗ್ಗೆ ಆರಕ್ಕೆ ಗಾಡಿ ಹತ್ತಿದರೆ ರಾತ್ರಿ ಎಂಟಕ್ಕೆ ಮನೆ. ಮೂರು ಹೊತ್ತೂ ಹೋಟೆಲೇ. ಪಥ್ಯ ಎಂದರೆ ಓಟ್ಸು, ಸಲಾಡು. ಅದೆಲ್ಲ ದುಡ್ಡಿದ್ದವರಿಗೆ."

ಈ ಮಾತು ಅವನೊಬ್ಬನದ್ದಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದುಡಿಯುವವರು ಹೊರಗೆ ತಿನ್ನುವವರೇ. ಲಾರಿ, ಆಟೊ, ಬಸ್ಸಿನಲ್ಲಿ ದುಡಿಯುವವರು, ಮೀನು ವ್ಯಾಪಾರದವರು, ಗಾರೆ ಕೆಲಸದವರು, ಬಟ್ಟೆಯಂಗಡಿಯ ಹುಡುಗರು, ಉಜಿರೆಗೋ ಮಂಗಳೂರಿಗೋ ಕಾಲೇಜಿಗೆ ಹೋಗುವ ಮಕ್ಕಳು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ನಿಲ್ಲುವ ತಾಯಂದಿರು. ಗುರುವಾಯನಕೆರೆಯಿಂದ ಬೆಳ್ತಂಗಡಿ, ಲಾಯಿಲ, ಉಜಿರೆ ದಾಟಿ ಚಾರ್ಮಾಡಿಯ ಬುಡದ ತನಕ ರಸ್ತೆಯುದ್ದಕ್ಕೂ ಹೋಟೆಲುಗಳು. ಹೋಟೆಲಿನಲ್ಲಿ ತಿನ್ನಬೇಡಿ ಎಂದು ಇವರಿಗೆಲ್ಲ ಹೇಳುವುದು ಸುಲಭ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಹೋಟೆಲಿನಲ್ಲೇ, ಇರುವ ದುಡ್ಡಿನಲ್ಲೇ, ಏನು ತಿನ್ನಬಹುದು ಎಂದು ಕೇಳಬೇಕು.

ನಾನು ತಮ್ಮನಿಗೆ ಒಂದೇ ಕೆಲಸ ಹೇಳಿದೆ. "ಒಂದು ವಾರ ಏನನ್ನೂ ಬದಲಾಯಿಸಬೇಡ. ತಿಂದದ್ದನ್ನೆಲ್ಲ ಬರೆದಿಡು, ಬಿಲ್ಲು ಕೊಟ್ಟರೆ ಜೇಬಿಗೆ ಹಾಕು."

ಒಂದು ದಿನದ ಲೆಕ್ಕ

ವಾರದ ಕೊನೆಗೆ ಇಬ್ಬರೂ ಕೂತು ನೋಡಿದೆವು. ಹೆಚ್ಚುಕಡಿಮೆ ಎಲ್ಲ ದಿನವೂ ಒಂದೇ ತರಹ. ಬೆಳಿಗ್ಗೆ ಎರಡು ಬನ್ಸ್, ಒಂದು ಚಹಾ: 45 ರೂಪಾಯಿ. ಹನ್ನೊಂದು ಗಂಟೆಗೆ ಗೋಳಿಬಜೆ, ಚಹಾ: 50 ರೂಪಾಯಿ. ಮಧ್ಯಾಹ್ನ ಮೂರು ಪರೋಟ, ಒಂದು ಚಿಕನ್ ಮಸಾಲೆ, ಒಂದು ಸಣ್ಣ ಬಾಟಲಿ ತಂಪು ಪಾನೀಯ: 155 ರೂಪಾಯಿ. ಸಂಜೆ ಒಂದು ಪಫ್ಸ್, ಚಹಾ: 40 ರೂಪಾಯಿ. ಒಟ್ಟು 290.

ಈಗ ಅದನ್ನು ಇನ್ನೊಂದು ರೀತಿಯಲ್ಲಿ ನೋಡಿ. ಬನ್ಸ್ ಮೈದಾ, ಸಕ್ಕರೆ, ಎಣ್ಣೆ. ಗೋಳಿಬಜೆ ಮೈದಾ, ಎಣ್ಣೆ. ಪರೋಟ ಮೈದಾ, ಎಣ್ಣೆ. ಪಫ್ಸ್ ಮೈದಾ, ಡಾಲ್ಡಾ. ದಿನವಿಡೀ ನಾಲ್ಕು ಬೇರೆ ಬೇರೆ ಹೆಸರಿನಲ್ಲಿ ಅವನು ತಿಂದದ್ದು ಒಂದೇ ಪದಾರ್ಥ. ಬೆಳಿಗ್ಗೆಯಿಂದ ಸಂಜೆ ತನಕ ಒಂದು ತುಂಡು ತರಕಾರಿ ಇಲ್ಲ, ಒಂದು ಹಣ್ಣಿಲ್ಲ, ಒಂದು ಮುಷ್ಟಿ ಕಾಳಿಲ್ಲ. ದೇಹಕ್ಕೆ ಬೇಕಾದ ಪ್ರೋಟೀನ್ ಸಿಕ್ಕಿದ್ದು ಆ ಮೂರು ತುಂಡು ಕೋಳಿಯಿಂದ ಮಾತ್ರ.

ಕುಡಿದದ್ದರ ಲೆಕ್ಕ ಇನ್ನೂ ಬೇರೆ. ಹೋಟೆಲಿನ ಒಂದು ಗ್ಲಾಸ್ ಚಹಾಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 8 ಗ್ರಾಂ. ಮೂರು ಚಹಾಕ್ಕೆ 24. ಕೋಲಾದಂಥ 250 ಮಿ.ಲೀ. ಪಾನೀಯದಲ್ಲಿ ಸುಮಾರು 26 ಗ್ರಾಂ. ಕುಡಿದದ್ದರಲ್ಲೇ 50 ಗ್ರಾಂ ಸಕ್ಕರೆ ಆಯಿತು, ಹನ್ನೆರಡು ಚಮಚ. ಆರೋಗ್ಯವಂತ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ಸುಮಾರು 50 ಗ್ರಾಂ, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಬನ್ಸಿಗೆ ಹಾಕಿದ ಸಕ್ಕರೆಯನ್ನು ನಾವು ಇನ್ನೂ ಎಣಿಸಿಲ್ಲ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಮತ್ತೆ, "ಇದಕ್ಕೆ ದಿನಕ್ಕೆ 290 ಕೊಟ್ಟೆನಾ?" ಎಂದ.

ಇದು ಅವನೊಬ್ಬನ ಸಮಸ್ಯೆಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿರುವವರಲ್ಲಿ ಅನೇಕರಿಗೆ ಅದು ಗೊತ್ತೇ ಇಲ್ಲ. ಟೇಬಲ್ ಇಳಿಸಲು ಹೋದ ನನ್ನ ತಮ್ಮನಿಗೂ ಗೊತ್ತಿರಲಿಲ್ಲ.

ಅದೇ ಹೋಟೆಲು, ಬೇರೆ ಆರ್ಡರು

ನಾವು ಹೋಟೆಲನ್ನು ಬದಲಾಯಿಸಲಿಲ್ಲ, ಆರ್ಡರನ್ನು ಬದಲಾಯಿಸಿದೆವು.

ಬೆಳಿಗ್ಗೆ ಬನ್ಸಿನ ಬದಲು ಕಡ್ಲೆ-ಬಜಿಲ್. ನಮ್ಮ ತುಳುನಾಡಿನ ಹಳೆಯ ತಿಂಡಿ. ಬೇಯಿಸಿದ ಕಡ್ಲೆ, ಸ್ವಲ್ಪ ಅವಲಕ್ಕಿ. ಕಾಳಿನಲ್ಲಿ ಪ್ರೋಟೀನ್ ಇದೆ, ನಾರು ಇದೆ. ಹನ್ನೊಂದು ಗಂಟೆಯವರೆಗೆ ಹಸಿವಾಗುವುದಿಲ್ಲ. ಕಡ್ಲೆ ಹೆಚ್ಚು, ಬಜಿಲ್ ಕಡಿಮೆ ಹಾಕಿ ಎಂದು ಹೇಳಿದರೆ ಕೊಡುತ್ತಾರೆ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ, ಸಕ್ಕರೆ ಹಾಕದ ಚಹಾ. 70 ರೂಪಾಯಿ.

ಹನ್ನೊಂದಕ್ಕೆ ಗೋಳಿಬಜೆಯ ಬದಲು ತಳ್ಳುಗಾಡಿಯಿಂದ ಒಂದು ಪೇರಳೆ ಅಥವಾ ಒಂದು ಸಣ್ಣ ಬಾಳೆಹಣ್ಣು: 10 ರೂಪಾಯಿ.

ಮಧ್ಯಾಹ್ನ ಕುಚ್ಚಲಕ್ಕಿ ಊಟ 80, ಅದರೊಂದಿಗೆ ಬಂಗುಡೆ ಅಥವಾ ಬೂತಾಯಿ ಸಾರು 50. ಒಟ್ಟು 130.

ಸಂಜೆ ಸಕ್ಕರೆಯಿಲ್ಲದ ಚಹಾ, ಹತ್ತು ರೂಪಾಯಿಯ ಹುರಿದ ನೆಲಗಡಲೆ: 25.

ಒಟ್ಟು 235 ರೂಪಾಯಿ. ದಿನಕ್ಕೆ 55 ಉಳಿಯಿತು. ತಿಂಗಳಿಗೆ 26 ದಿನ ದುಡಿದರೆ 1,430. ಅವನ ಮಾತ್ರೆಯ ಖರ್ಚು ಅದರಲ್ಲೇ ಬಂತು. ಬೆಲೆಗಳು ಊರಿಂದ ಊರಿಗೆ, ಹೋಟೆಲಿನಿಂದ ಹೋಟೆಲಿಗೆ ಬೇರೆ ಇರುತ್ತವೆ. ನಿಮ್ಮ ಲೆಕ್ಕ ನಮ್ಮದರಂತೆಯೇ ಬರಬೇಕೆಂದಿಲ್ಲ. ಆದರೆ ನಮ್ಮ ಬಿಲ್ಲಿನಲ್ಲಿ ದುಡ್ಡು ಹೋಗುತ್ತಿದ್ದದ್ದು ಕರಿದದ್ದಕ್ಕೆ ಮತ್ತು ಸಿಹಿ ಪಾನೀಯಕ್ಕೆ. ಕಾಳು, ಮೊಟ್ಟೆ, ಮೀನು ಸಾರು, ಪಲ್ಯ ಇವೆಲ್ಲ ಮೆನುವಿನಲ್ಲಿ ಮೊದಲೂ ಇದ್ದವು, ನಮ್ಮ ಕೈಗೆಟಕುವ ಬೆಲೆಯಲ್ಲೇ ಇದ್ದವು.

ಊಟದ ತಟ್ಟೆಯಲ್ಲಿ ಅನ್ನ ಎಷ್ಟು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿಯನ್ನು ಹೊಸದಾಗಿ ಹೊರತಂದಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವ ವ್ಯಕ್ತಿಗೆ ಅದು ಹೇಳುವ ಪ್ರಮಾಣ ಹೀಗಿದೆ: ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೀನು-ಮಾಂಸ-ಮೊಟ್ಟೆ 85 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಇವೆಲ್ಲ ಬೇಯಿಸುವ ಮೊದಲಿನ ತೂಕ. ಗಮನಿಸಿ, ಧಾನ್ಯಕ್ಕಿಂತ ತರಕಾರಿಯ ಪಾಲು ದೊಡ್ಡದು. ನಮ್ಮ ತಟ್ಟೆಯಲ್ಲಿ ಇದು ತಲೆಕೆಳಗಾಗಿದೆ. ಅನ್ನ ಗುಡ್ಡದಷ್ಟು, ಪಲ್ಯ ಒಂದು ಚಮಚ.

ಹೋಟೆಲಿನಲ್ಲಿ ತಕ್ಕಡಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಸುಲಭ ಉಪಾಯ, ತಟ್ಟೆಯನ್ನು ಕಣ್ಣಿನಲ್ಲೇ ಭಾಗ ಮಾಡುವುದು. ಅರ್ಧ ತರಕಾರಿ, ಕಾಲು ಭಾಗ ಅನ್ನ ಅಥವಾ ರೊಟ್ಟಿ, ಉಳಿದ ಕಾಲು ಭಾಗ ಮೀನು, ಮೊಟ್ಟೆ, ಕೋಳಿ ಅಥವಾ ಕಾಳು. ಊಟದ ಹೋಟೆಲುಗಳಲ್ಲಿ ಅನ್ನವನ್ನು ಕೇಳದೆಯೇ ಬಡಿಸುತ್ತಾರೆ. ಪಲ್ಯವನ್ನು ಕೇಳಿದರೆ ಮಾತ್ರ. ನಾವು ನಾಚಿಕೆಪಟ್ಟು ಕೇಳುವುದಿಲ್ಲ. ಅನ್ನ ಒಂದು ಸಲ ಸಾಕು, ಪಲ್ಯ ಇನ್ನೊಮ್ಮೆ ಹಾಕಿ ಎಂದು ಹೇಳಿ ನೋಡಿ. ಹೆಚ್ಚಿನ ಕಡೆ ಅದಕ್ಕೆ ಬೇರೆ ದುಡ್ಡಿಲ್ಲ. ತೊಂಡೆಕಾಯಿ, ಅಲಸಂಡೆ, ಹರಿವೆ, ಬಸಳೆ ಏನಿದ್ದರೂ ಒಳ್ಳೆಯದೇ.

ಇನ್ನೊಂದು ಅಭ್ಯಾಸ: ಮೊದಲು ಪಲ್ಯ ಮತ್ತು ಮೀನು ತಿನ್ನಿ, ಅನ್ನ ಕೊನೆಗೆ. ಹೀಗೆ ಕ್ರಮ ಬದಲಾಯಿಸಿದರೆ ಊಟದ ನಂತರ ಸಕ್ಕರೆ ಅಂಶ ಏರುವುದು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಪ್ರಯೋಜನವಿದೆ. ಎರಡಕ್ಕೂ ಖರ್ಚಿಲ್ಲ.

ಕುಚ್ಚಲಕ್ಕಿಯ ಬಗ್ಗೆ ಒಂದು ಮಾತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದಷ್ಟು ಪಾಲು ಕಾಳಿನ ಒಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಅದು ಬೆಳ್ತಿಗೆಗಿಂತ ಉತ್ತಮ. ಆದರೂ ಅದು ಅನ್ನವೇ. ಕುಚ್ಚಲಕ್ಕಿ ಎಂದು ಎರಡು ತಟ್ಟೆ ಉಂಡರೆ ಶುಗರ್ ಏರುತ್ತದೆ. ಹೊಟ್ಟೆಯ ಒಂದು ಪಾಲನ್ನು ಖಾಲಿ ಬಿಡಬೇಕೆಂಬ ಪಾಠವನ್ನು ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಹೋಟೆಲಿನ ಊಟದ ಮುಂದೆ ಅದು ನೆನಪಾದರೆ ಸಾಕು.

ಮೀನು ಹುರಿದದ್ದಕ್ಕಿಂತ ಸಾರಿನ ಮೀನು ಅಗ್ಗ, ಎಣ್ಣೆಯೂ ಕಡಿಮೆ. ಅಂಜಲ್, ಪಾಂಫ್ರೆಟ್ ಬೇಕೆಂದಿಲ್ಲ. ಬೂತಾಯಿ ಮತ್ತು ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬು ಧಾರಾಳವಾಗಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಮೀನಿನ ಬೆಲೆ ಏರುತ್ತದೆ. ಆ ಎರಡು ತಿಂಗಳು ಮೊಟ್ಟೆ ಸಾರು, ಹೆಸರುಕಾಳು, ಕಡ್ಲೆ ಗಸಿಯ ಮೇಲೆ ನಡೆಸಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ.

ಪರೋಟ ಬಿಡಲೇಬೇಕೆ?

ಇದು ತಮ್ಮನ ಪ್ರಶ್ನೆ, ನಿಮ್ಮದೂ ಇರಬಹುದು. ಸಾಧಾರಣ ಗಾತ್ರದ ಒಂದು ಪರೋಟದಲ್ಲಿ ಸುಮಾರು 250ರಿಂದ 300 ಕ್ಯಾಲೊರಿ ಇರುತ್ತದೆ. ಮೂರು ತಿಂದರೆ ಇಡೀ ದಿನಕ್ಕೆ ಬೇಕಾದುದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ವಾರಕ್ಕೊಮ್ಮೆ ಒಂದು ಪರೋಟ ತಿಂದರೆ ಆಕಾಶ ಬೀಳುವುದಿಲ್ಲ. ಪ್ರತಿದಿನ ಮೂರು ಎಂಬುದನ್ನು ಬಿಡಬೇಕು. ಅದರ ಬದಲು ಚಪಾತಿ ಸಿಕ್ಕರೆ ಎರಡು ಚಪಾತಿ, ಇಲ್ಲವಾದರೆ ಎರಡು ಮೂರು ನೀರ್ ದೋಸೆ ಅಥವಾ ಪತ್ತಿರ್. ಇವು ತೆಳು, ಎಣ್ಣೆ ಕಡಿಮೆ. ಇವೂ ಅಕ್ಕಿಯವೇ ಎಂಬುದು ನೆನಪಿರಲಿ, ಆರೇಳು ತಿಂದರೆ ಲಾಭವಿಲ್ಲ.

ಚಿಕನ್ ಮಸಾಲೆಯಲ್ಲಿ ಮೇಲೆ ತೇಲುವ ಎಣ್ಣೆಯನ್ನು ಚಮಚದಿಂದ ಬದಿಗೆ ಸರಿಸಿ. ತುಂಡನ್ನು ತಿನ್ನಿ, ಗ್ರೇವಿಯನ್ನೆಲ್ಲ ಒರೆಸಿ ತಿನ್ನಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳ ರಕ್ತದೊತ್ತಡವಿರುವವರಿಗೆ ಬೇಡ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು. ಹೋಟೆಲಿನ ಸಾರಿನಲ್ಲೇ ಅದರ ದೊಡ್ಡ ಪಾಲು ಬಂದಿರುತ್ತದೆ.

ಸಸ್ಯಾಹಾರಿ ಹೋಟೆಲನ್ನು ಮರೆಯಬೇಡಿ

ಪ್ರಯಾಣದಲ್ಲಿ ನಾವು ಮೊದಲು ಹಲಾಲ್ ಬೋರ್ಡ್ ಹುಡುಕುತ್ತೇವೆ. ಅದು ಸರಿಯೇ. ಆದರೆ ಅದು ಸಿಗದಾಗ ಬೇಕರಿಗೆ ನುಗ್ಗಿ ಪಫ್ಸ್, ಕೇಕ್, ಜ್ಯೂಸ್ ತಗೊಳ್ಳುತ್ತೇವೆ. ಪಕ್ಕದಲ್ಲೇ ಸಸ್ಯಾಹಾರಿ ಹೋಟೆಲಿರುತ್ತದೆ. ಇಡ್ಲಿ-ಸಾಂಬಾರು, ಹೆಸರುಕಾಳು ಹಾಕಿದ ತಿಂಡಿ, ಮಜ್ಜಿಗೆ, ತರಕಾರಿ ಪಲ್ಯದ ಊಟ ಎಲ್ಲ ಅಲ್ಲಿವೆ. ಮಾಂಸದ ಬಗ್ಗೆ ಸಂಶಯವೂ ಇಲ್ಲ, ಬಿಲ್ಲೂ ಕಡಿಮೆ. ಕೋಳಿಯಿಲ್ಲದೆ ಹೊಟ್ಟೆ ತುಂಬದು ಎಂಬುದು ನಾಲಿಗೆಯ ಮಾತು.

ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳಿಗೂ ಇದೇ ಸಲಹೆ. ಅಲ್ಲಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ನಿಂತು ತಿನ್ನುವ ದರ್ಶಿನಿಗಳು ಈಗ ಗಲ್ಲಿಗಲ್ಲಿಯಲ್ಲಿವೆ. ಸ್ವತಃ ಕೌಂಟರಿನಲ್ಲಿ ಹೇಳಿ ತಗೊಳ್ಳುವುದರಿಂದ ವಡೆ ಬೇಡ, ಇಡ್ಲಿ ಸಾಕು, ಸಾಂಬಾರು ಹೆಚ್ಚು ಎಂದು ಹೇಳುವುದು ಸುಲಭ. ಸರ್ಕಾರ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂದಿರಾ ಕ್ಯಾಂಟೀನ್ ಈಗ ಮಂಗಳೂರು ಸೇರಿ ಹಲವು ಕಡೆ ಇದೆ. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಆಸ್ಪತ್ರೆಯಲ್ಲಿ ದಿನಗಟ್ಟಲೆ ನಿಲ್ಲಬೇಕಾದವರಿಗೆ ಇದು ದೊಡ್ಡ ಆಸರೆ. ಅಲ್ಲಿ ಊಟ ಮಾಡಿ, ಕೈಯಲ್ಲಿ ಒಂದು ಹಣ್ಣೂ ಒಂದು ಬೇಯಿಸಿದ ಮೊಟ್ಟೆಯೂ ಇಟ್ಟುಕೊಂಡರೆ ಹೊತ್ತು ಹೋಗುತ್ತದೆ.

ಮನೆಮಂದಿಯೆಲ್ಲ ಹೊರಗೆ ಹೋದಾಗ

ಈಗ ತಿಂಗಳಿಗೊಮ್ಮೆಯಾದರೂ ಕುಟುಂಬ ಸಮೇತ ಹೋಗುವ ರೂಢಿ ಬಂದಿದೆ. ಅಲ್‌ಫಹಮ್, ಮಂದಿ, ಬ್ರೋಸ್ಟ್, ಬರ್ಗರ್. ಮಕ್ಕಳ ಆಸೆ, ಬೇಡ ಎನ್ನಲಾಗದು. ಇಲ್ಲಿ ಕಿಸೆಗೂ ದೇಹಕ್ಕೂ ಹೊಡೆತ ಬೀಳುವುದು ಕಾಂಬೊದಿಂದ. ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟರೆ ಫ್ರೈಸೂ ಕೋಲಾವೂ ಬರುತ್ತದೆ ಎನ್ನುತ್ತಾರೆ. ಅದು ಉಳಿತಾಯವಲ್ಲ. ಬೇಡದ ಎರಡು ವಸ್ತುಗಳಿಗೆ ಐವತ್ತು ರೂಪಾಯಿ ಖರ್ಚು.

ಕರಿದ ಕಬಾಬ್, ಬ್ರೋಸ್ಟ್‌ಗಿಂತ ಕೆಂಡದಲ್ಲಿ ಸುಟ್ಟ ಅಲ್‌ಫಹಮ್ ವಾಸಿ. ಚರ್ಮ ಮತ್ತು ಕರಿಕಾದ ಭಾಗ ತೆಗೆದು ತಿನ್ನಿ. ಮಂದಿಯ ದೊಡ್ಡ ತಟ್ಟೆಯನ್ನು ಒಬ್ಬೊಬ್ಬರಿಗೆ ಒಂದರಂತೆ ತರಿಸದೆ ಹಂಚಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಆರ್ಡರ್ ಮಾಡಬೇಡಿ. ಮೊದಲು ಸ್ವಲ್ಪ ತರಿಸಿ, ಹಸಿವಿದ್ದರೆ ಮತ್ತೆ. ಹೀಗೆ ಮಾಡಿದರೆ ಎಸೆಯುವುದೂ ಇರುವುದಿಲ್ಲ. ಮಯೋನೀಸ್ ಬಹುಪಾಲು ಎಣ್ಣೆಯೇ, ಒಂದು ದೊಡ್ಡ ಚಮಚದಲ್ಲಿ ಸುಮಾರು 90 ಕ್ಯಾಲೊರಿ. ಅದರ ಬದಲು ಮೊಸರಿನ ಚಟ್ನಿ ಇದೆಯೇ ಕೇಳಿ.

ದೊಡ್ಡ ಸರಣಿ ಹೋಟೆಲುಗಳಲ್ಲಿ ಒಂದು ಅನುಕೂಲವಿದೆ. ಕೇಂದ್ರದ ಪರವಾನಗಿ ಇರುವ ಅಥವಾ 10 ಮತ್ತು ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಬೆಲೆ ನೋಡುವಾಗ ಅದನ್ನೂ ಓದಿ. ಮಕ್ಕಳಿಗೆ ಓದಲು ಹೇಳಿ, ಅವರಿಗೆ ಅದೊಂದು ಆಟವೂ ಆಗುತ್ತದೆ.

ಇಲ್ಲಿ ತಾಯಂದಿರ ಬಗ್ಗೆ ಹೇಳಲೇಬೇಕು. ಹೋಟೆಲಿಗೆ ಹೋದಾಗ ನಮ್ಮಲ್ಲಿ ಎಷ್ಟು ಹೆಂಗಸರು ತಮಗೆಂದು ಒಂದು ತಟ್ಟೆ ತರಿಸುತ್ತಾರೆ? "ನನಗೆ ಬೇಡ, ಮಕ್ಕಳು ಬಿಟ್ಟದ್ದು ಸಾಕು" ಎನ್ನುವವರೇ ಹೆಚ್ಚು. ಮಕ್ಕಳು ಬಿಡುವುದು ಅನ್ನ, ಫ್ರೈಸ್, ಪರೋಟದ ಚೂರು. ಮಾಂಸವನ್ನು ಅವರು ಬಿಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮನೆಯ ಯಜಮಾನರೇ, ಬಿಲ್ಲು ಉಳಿಸುವುದಿದ್ದರೆ ಕೋಲಾದಲ್ಲಿ ಉಳಿಸಿ. ಆಕೆಗೂ ಒಂದು ತುಂಡು ಮಾಂಸ ಅಥವಾ ಮೀನು, ಒಂದು ತಟ್ಟೆ ಪಲ್ಯ ಬರಲಿ. ಅದರ ಮೇಲೆ ಲಿಂಬೆ ಹಿಂಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಚಹಾ ಒಂದು ಗಂಟೆ ಕಳೆದು ಸಾಕು.

ಶುಚಿ ನೋಡಿ ಕೂರಿ

ಅಗ್ಗವೆಂದು ತಿಂದು ಆಸ್ಪತ್ರೆ ಸೇರಿದರೆ ಯಾವ ಉಳಿತಾಯವೂ ಉಳಿಯುವುದಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅನೇಕರು ಅಸ್ವಸ್ಥರಾದರು, ಒಬ್ಬ ವಿದ್ಯಾರ್ಥಿನಿ ಮೃತಪಟ್ಟಳು. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಮುಂದೆ 2023ರ ಜನವರಿಯಲ್ಲಿ ಕೇರಳ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಶವರ್ಮಾ ತಿನ್ನುವುದಾದರೆ ಮಾಂಸ ಒಳಗಿನ ತನಕ ಬೆಂದಿದೆಯೇ ನೋಡಿ. ಪಾರ್ಸೆಲ್ ತಂದು ಮಲಗುವ ಮುನ್ನ ತಿನ್ನೋಣ ಎಂದು ಇಡಬೇಡಿ.

ಬಣ್ಣವನ್ನು ಕಂಡು ಮರುಳಾಗಬೇಡಿ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದೆ. ಕೈಗೆ ಅಂಟುವಷ್ಟು ಕೆಂಪಿದ್ದರೆ ಅದು ಮೆಣಸಿನ ಬಣ್ಣವಲ್ಲ ಎಂದು ಸಂಶಯಪಡಬಹುದು. ಕರಿಯುವ ಎಣ್ಣೆ ಕಪ್ಪಾಗಿ, ನೊರೆ ಬರುತ್ತಿದ್ದರೆ, ಹೊಗೆಯ ವಾಸನೆಯಿದ್ದರೆ ಅದನ್ನು ಹಲವು ಸಲ ಕಾಯಿಸಲಾಗಿದೆ ಎಂದರ್ಥ. ದಿನಪತ್ರಿಕೆಯಲ್ಲಿ ಕಟ್ಟಿದ ಬಿಸಿ ತಿಂಡಿ ಬೇಡ, ಮುದ್ರಣದ ಶಾಯಿ ಆಹಾರಕ್ಕಿಳಿಯುತ್ತದೆ. ಇಡ್ಲಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುವುದನ್ನೂ ರಾಜ್ಯ ಸರ್ಕಾರ 2025ರಲ್ಲಿ ನಿಷೇಧಿಸಿದೆ. ಬಟ್ಟೆಯಲ್ಲೋ ಎಲೆಯಲ್ಲೋ ಬೇಯಿಸುತ್ತಾರೆಯೇ ಎಂದು ಕೇಳಿದರೆ ತಪ್ಪಿಲ್ಲ.

ನೀರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೇಜಿನ ಮೇಲೆ ಉಗುರು ಬೆಚ್ಚಗಿನ ಜೀರಿಗೆ ನೀರು ಇರುತ್ತದೆ. ಕುದಿಸಿ ಆರಿಸಿದ್ದಾದರೆ ಒಳ್ಳೆಯದು. ಕುದಿಸಿದ ನೀರಿಗೆ ನಲ್ಲಿಯ ತಣ್ಣೀರು ಬೆರೆಸಿ ಬೆಚ್ಚಗೆ ಮಾಡಿದ್ದರೆ ಕುದಿಸಿದ ಪ್ರಯೋಜನವೇ ಹೋಯಿತು. ಕಾಮಾಲೆ ಹರಡುವುದು ಇಂಥ ನೀರಿನಿಂದಲೇ. ಜ್ಯೂಸಿಗೆ ಹಾಕುವ ಐಸ್ ಕೂಡ ಹಾಗೆಯೇ. ಮನೆಯಿಂದ ಒಂದು ಬಾಟಲಿ ಕುದಿಸಿದ ನೀರು ತಗೊಂಡು ಹೋಗುವುದು ಎಲ್ಲಕ್ಕಿಂತ ಸುಲಭ.

ಹೋಟೆಲಿನ ಗೋಡೆಯಲ್ಲಿ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಕೈತೊಳೆಯುವಲ್ಲಿ ಸಾಬೂನು ಇದೆಯೇ, ತಟ್ಟೆ ತೊಳೆಯುವ ನೀರು ಹೇಗಿದೆ, ಆಹಾರ ಮುಚ್ಚಿದೆಯೇ, ಬಿಸಿ ಇದೆಯೇ ಎಂದು ಕೂರುವ ಮೊದಲು ಒಮ್ಮೆ ಕಣ್ಣಾಡಿಸಿ. ದೂರು ಇದ್ದರೆ ಎಫ್‌ಎಸ್‌ಎಸ್‌ಎಐ ಉಚಿತ ಸಹಾಯವಾಣಿ 1800-112-100ಕ್ಕೆ ಕರೆ ಮಾಡಬಹುದು. ಊರಿನ ಹೋಟೆಲಾದರೆ ಮೊದಲು ಮಾಲೀಕರಿಗೇ ಒಳ್ಳೆಯ ಮಾತಿನಲ್ಲಿ ತಿಳಿಸಿ. ಅವರೂ ನಮ್ಮವರೇ, ಹೇಳಿದರೆ ಕೇಳುವವರೂ ಇದ್ದಾರೆ.

ಮಾತ್ರೆ ತಗೊಳ್ಳುವವರಿಗೆ

ಶುಗರ್ ಇದೆ ಎಂದು ಊಟವನ್ನೇ ಬಿಡುವವರಿದ್ದಾರೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತಗೊಳ್ಳುವವರು ಊಟ ತಪ್ಪಿಸಿದರೆ ಶುಗರ್ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ಕೈ ನಡುಕ, ವಿಪರೀತ ಹಸಿವು, ತಲೆ ಸುತ್ತು ಇದರ ಲಕ್ಷಣಗಳು. ಆಗ ಪಥ್ಯ ನೋಡಬೇಡಿ. ಕೂಡಲೇ ಗಾಡಿ ಬದಿಗೆ ನಿಲ್ಲಿಸಿ ಮೂರು ಚಮಚ ಸಕ್ಕರೆ ಅಥವಾ ಅರ್ಧ ಗ್ಲಾಸ್ ಸಿಹಿ ಪಾನೀಯ ತಗೊಳ್ಳಿ, ಆಮೇಲೆ ಏನಾದರೂ ತಿನ್ನಿ. ಮೂತ್ರಪಿಂಡದ ತೊಂದರೆ ಇರುವವರು ಮೊಟ್ಟೆ, ಮೀನು, ಕಾಳು ಎಷ್ಟು ತಿನ್ನಬೇಕೆಂದು ವೈದ್ಯರನ್ನೇ ಕೇಳಬೇಕು. ಇಲ್ಲಿ ಹೇಳಿದ್ದು ಅವರಿಗೆ ಅನ್ವಯಿಸದು.

ಮೂರು ತಿಂಗಳ ನಂತರ

ತಮ್ಮನಿಗೆ ಮೊದಲ ಎರಡು ವಾರ ಕಷ್ಟವಾಯಿತು. ಸಕ್ಕರೆಯಿಲ್ಲದ ಚಹಾ ಕಷಾಯದಂತಿದೆ ಎಂದ. ಪರೋಟದ ಕಲ್ಲಿನ ವಾಸನೆ ಬಂದ ಕಡೆ ಗಾಡಿ ನಿಲ್ಲಿಸುವುದನ್ನೇ ಬಿಟ್ಟ. ಲೋಡ್ ಇಳಿಸುವ ಜೊತೆಗಾರರು "ರೋಗಿಯ ಊಟ" ಎಂದು ತಮಾಷೆ ಮಾಡಿದರು. ಒಂದೆರಡು ಸಲ ತಪ್ಪಿದ್ದೂ ಇದೆ. ಮದುವೆ ಮನೆಯ ಬಿರಿಯಾನಿ ತಿಂದ ದಿನ ಮೀಟರ್ ಮತ್ತೆ ಹಾರಿತು. ಮರುದಿನ ಮತ್ತೆ ಕಡ್ಲೆ-ಬಜಿಲ್.

ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ, ಎಚ್‌ಬಿಎ1ಸಿ, ಶುರುವಿನಲ್ಲಿ 9.6 ಇದ್ದದ್ದು 7.7ಕ್ಕೆ ಇಳಿಯಿತು. ಅಲ್‌ಹಮ್ದುಲಿಲ್ಲಾಹ್. ಇದರಲ್ಲಿ ಮಾತ್ರೆಯ ಪಾಲೂ ಇದೆ, ಸುಬ್‌ಹಿಯ ನಂತರದ ನಡಿಗೆಯ ಪಾಲೂ ಇದೆ. ಇನ್ನೂ ಇಳಿಯಬೇಕು ಎಂದಿದ್ದಾರೆ ವೈದ್ಯರು. ಅವನು ದಿನಾ ಹೋಗುವ ಹೋಟೆಲಿನಲ್ಲಿ ಈಗ ಕೇಳದೆಯೇ ಪಲ್ಯ ಎರಡು ಸೌಟು ಬೀಳುತ್ತದೆ. ತಮಾಷೆ ಮಾಡುತ್ತಿದ್ದ ಜೊತೆಗಾರರಲ್ಲಿ ಇಬ್ಬರು ಪರೀಕ್ಷೆ ಮಾಡಿಸಿಕೊಂಡರು. ಒಬ್ಬನಿಗೆ ಶುಗರ್ ಇದೆ ಎಂದು ಗೊತ್ತಾಯಿತು. ಈಗ ಅವನೂ ಅದೇ ಮೇಜಿನಲ್ಲಿ ಅದೇ ಊಟ ಮಾಡುತ್ತಾನೆ.

ನಿಮ್ಮ ಮನೆಯಲ್ಲೂ ದಿನಾ ಹೊರಗೆ ತಿನ್ನುವವರು ಯಾರಾದರೂ ಇದ್ದೇ ಇರುತ್ತಾರೆ. ಅವರಿಗೆ ಉಪದೇಶ ಮಾಡಬೇಡಿ. ಒಂದು ವಾರ ಬಿಲ್ಲು ಬಿಸಾಡದೆ ತರಲು ಹೇಳಿ. ಭಾನುವಾರ ರಾತ್ರಿ ಜೊತೆಯಲ್ಲಿ ಕೂತು ಲೆಕ್ಕ ಹಾಕಿ. ಮೂವತ್ತು ದಾಟಿದವರಾದರೆ, ಅದೇ ವಾರ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಯನ್ನೂ ಮಾಡಿಸಿ.